ಜೋಡಿಯಾಗಿ ಪೈಥಾನ್ ಕಲಿತವರು ಅನುಭವ ಹೇಳ್ತೀರಾ?

ರಾಜಾಜಿನಗರ ಅಕೌಂಟ್ಸ್:
ಬಿಕಾಂ ಮುಗಿಸಿ ಆರು ವರ್ಷದಿಂದ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಆಫೀಸಿನ ಒಬ್ಬರ ಜೊತೆ ನಾಲ್ಕು ತಿಂಗಳಿಂದ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ವಾರಕ್ಕೆ ಮೂರು ಸಂಜೆ, ಒಂದೇ ಲ್ಯಾಪ್‌ಟಾಪ್. ಅವರ ಕೈ ತುಂಬಾ ಚುರುಕು. ನಾನು ಯೋಚನೆ ಮಾಡುವಷ್ಟರಲ್ಲಿ ಟೈಪ್ ಆಗಿಬಿಟ್ಟಿರುತ್ತೆ. ನೋಡುವಾಗ ಎಲ್ಲ ಅರ್ಥವಾಗುತ್ತೆ, ಮನೆಗೆ ಬಂದು ಕೂತರೆ ಒಂದು ಫಂಕ್ಷನ್ ಬರೆಯೋಕೂ ಬರಲ್ಲ. ಒಳ್ಳೇ ಮನುಷ್ಯ, ನೋಯಿಸೋಕೆ ಇಷ್ಟವಿಲ್ಲ. ಹೀಗೇ ಮುಂದುವರಿಸಲಾ, ಒಬ್ಬಳೇ ಕಲಿಯಲಾ?

ವಿಜಯನಗರದವನು:
ನನ್ನ ಕಥೆ ಕೇಳಿ. 2023ರ ಜೂನ್‌ನಲ್ಲಿ ಕೋರ್ಸ್ ಸೇರಿದೆ. ಫೀಸ್ 62,000. ಮೇಲೆ ಜಿಎಸ್‌ಟಿ 11,160. ಅಪ್ಪ 40,000 ಕೊಟ್ಟರು, ಉಳಿದದ್ದು ಕಾರ್ಡಿನಲ್ಲಿ ಇಎಂಐ. ಪಿಜಿ ಬಾಡಿಗೆ ತಿಂಗಳಿಗೆ 8,500, ಏಳು ತಿಂಗಳು. ಒಟ್ಟು 1,32,660 ರೂಪಾಯಿ, ಊಟ ತಿಂಡಿ ಸೇರಿಸಿಲ್ಲ.

ರೂಂಮೇಟೇ ಜೋಡಿ. ಅಸೈನ್‌ಮೆಂಟ್ 31, ಎಲ್ಲದರ ಮೇಲೂ ಇಬ್ಬರ ಹೆಸರು. ಆಮೇಲೆ ಕೂತು ಎಣಿಸಿದೆ, ನಾನು ಟೈಪ್ ಮಾಡಿದ್ದು ನಾಲ್ಕು. ಮಿಕ್ಕ 27ರಲ್ಲಿ ನಾನು ಪಕ್ಕದಲ್ಲಿ ಕೂತು "ಹೌದು, ಸರಿ" ಅಂದಿದ್ದೆ ಅಷ್ಟೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೊದಲ ಇಂಟರ್‌ವ್ಯೂ. ವಾಕ್ಯದ ಪದಗಳನ್ನು ತಿರುಗಿಸಿ ಬರೀರಿ ಅಂದರು. ಮಾರ್ಕರ್ ಹಿಡಿದು 'ಫಾರ್' ಅಂತ ಬರೆದೆ. ಮುಂದೆ ಕೈ ಓಡಲೇ ಇಲ್ಲ. ಅವರು ನೀರು ತಂದುಕೊಟ್ಟರು. ಆ ಲೋಟ ಇವತ್ತಿಗೂ ಕಣ್ಣ ಮುಂದೆ ಇದೆ.

ರೂಂಮೇಟ್‌ಗೆ ಕೆಲಸ ಸಿಕ್ಕಿತು. ನನಗೆ ಸಿಗೋಕೆ ಇನ್ನೂ 14 ತಿಂಗಳು ಹಿಡೀತು. ಆ 27 ಪ್ರೋಗ್ರಾಂಗಳನ್ನೂ ಫೈಲ್ ಮುಚ್ಚಿಟ್ಟು ಮೊದಲಿಂದ ಬರೆದೆ. ಪಕ್ಕದಲ್ಲಿ ಕೂತು ನೋಡಿದ್ದು ಕಲಿತ ಲೆಕ್ಕಕ್ಕೆ ಬರಲ್ಲ.

ಜಯನಗರದ ಸೊಸೆ:
ಕೂರುವ ಕ್ರಮ ಸರಿ ಇದ್ದರೆ ಜೋಡಿಯಷ್ಟು ಒಳ್ಳೇದು ಬೇರೆ ಇಲ್ಲ. ನಾನು ಪಿಯುಸಿಗೇ ಓದು ನಿಲ್ಲಿಸಿದವಳು. ನನ್ನ ನಾದಿನಿ ಡಿಪ್ಲೊಮಾ ಮಾಡಿದ್ದಾಳೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು, ಮಕ್ಕಳು ಸ್ಕೂಲಿಂದ ಬರೋವರೆಗೆ ಕೂರುತ್ತಿದ್ದೆವು. ಮೊಬೈಲಿನಲ್ಲಿ 15 ನಿಮಿಷದ ಅಲಾರಂ. ಹೊಡೆದ ತಕ್ಷಣ ಲ್ಯಾಪ್‌ಟಾಪ್ ಆ ಕಡೆಗೆ. ಸಾಲು ಅರ್ಧಕ್ಕೆ ನಿಂತಿದ್ದರೂ ಸರಿ.

ಮೊದಲ ವಾರ ಅವಳು ಕೈ ಚಾಚಿ ನನ್ನ ಸಾಲು ತಿದ್ದಿಬಿಡೋಳು. ಅವರೆಕಾಯಿ ಕಾಲ. ಟೈಪ್ ಮಾಡದೇ ಇರೋರು ಅವರೆಕಾಯಿ ಬಿಡಿಸಬೇಕು ಅಂತ ಮಾಡಿದೆ. ಕೈಗೆ ಕೆಲಸ, ಬಾಯಿ ಮಾತ್ರ ಖಾಲಿ. ಏನು ಮಾಡಬೇಕು ಅನ್ನೋದನ್ನ ಮಾತಿನಲ್ಲೇ ಹೇಳಬೇಕಾಯ್ತು. ಹಾಗೆ ಹೇಳೋಕೆ ಹೋದಾಗಲೇ ಅವಳಿಗೂ ಅರ್ಧ ವಿಷಯ ಗೊತ್ತಿಲ್ಲ ಅಂತ ಇಬ್ಬರಿಗೂ ತಿಳಿದದ್ದು.

ಅತ್ತೆಯ ಚೀಟಿ ಲೆಕ್ಕಕ್ಕೆ ಪ್ರೋಗ್ರಾಂ ಬರೆದೆವು. 20 ಜನ, ತಿಂಗಳಿಗೆ 5,000. ತಿಂಗಳು ಎಣಿಸೋಕೆ ನಾನು ರೇಂಜ್ 1ರಿಂದ 20 ಅಂತ ಹಾಕಿದೆ. ರನ್ ಆಯ್ತು, ಎರರ್ ಇಲ್ಲ, ನನಗೆ ಖುಷಿ. ಕಾಯಿ ಬಿಡಿಸುತ್ತಾ ಅವಳು, "ಅತ್ತಿಗೆ, ಕೊನೇ ತಿಂಗಳು ಎಲ್ಲಿ?" ಅಂದಳು. ಎಣಿಸಿದರೆ 19 ಸಾಲು. ಪೈಥಾನ್ ರೇಂಜ್‌ನಲ್ಲಿ ಕೊನೇ ಸಂಖ್ಯೆ ಬರಲ್ಲ, 21 ಅಂತ ಹಾಕಬೇಕು. ಒಬ್ಬಳೇ ಇದ್ದಿದ್ದರೆ ಕೊನೇ ಚೀಟಿ ಎತ್ತುವವರ ಮುಂದೆ ಅತ್ತೆ ತಲೆ ತಗ್ಗಿಸಬೇಕಿತ್ತು.

ಹೆಬ್ಬಾಳ ಒಬ್ಬನೇ:
ಮನೆಯಲ್ಲಿ ಚೀಟಿ ಲೆಕ್ಕ ಬರೆಯೋದು ಬೇರೆ, ಕೆಲಸಕ್ಕೆ ಅಂತ ಕಲಿಯೋದು ಬೇರೆ ಮೇಡಂ. ನಾನು ಜೋಡಿ ನಂಬಿ 11 ದಿನದ ಕೆಲಸ ಕಳೆದುಕೊಂಡೆ. ಇಬ್ಬರ ಕೋಡೂ ಗಿಟ್‌ನಲ್ಲಿತ್ತು, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡೋ ಸಾಫ್ಟ್‌ವೇರ್. ಜೋಡಿಯವನು ತನ್ನದನ್ನ ಸರ್ವರ್‌ಗೆ ಪುಶ್ ಮಾಡೋಕೆ (ಕಳಿಸೋಕೆ) ಹೋದರೆ ರಿಜೆಕ್ಟ್ ಅಂತ ಬಂತಂತೆ, ಫೋರ್ಸ್ ಪುಶ್ ಹೊಡೆದ, ಅಂದರೆ ಅಲ್ಲಿದ್ದದ್ದರ ಮೇಲೇ ಬಲವಂತವಾಗಿ ತನ್ನದನ್ನ ಹಾಕಿದ. ನನ್ನ ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಎಲ್ಲ ಹೋಯ್ತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಯಾರ ಸಹವಾಸವೂ ಬೇಡ. ವಾರ ವಾರ ಇಂದಿರಾನಗರಕ್ಕೆ ಅವನಿದ್ದಲ್ಲಿಗೆ ನಾನೇ ಹೋಗಬೇಕಿತ್ತು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಬೇರೆ ಏರಿತು, 60 ಇದ್ದ ಗರಿಷ್ಠ ಟಿಕೆಟ್ 90 ಆಯ್ತು. ಅವನು ಒಂದು ದಿನ ಬೈಟು ಕಾಫಿಗೂ ದುಡ್ಡು ತೆಗೆದವನಲ್ಲ.

ಜಯನಗರದ ಸೊಸೆ:
ಚೀಟಿ ಲೆಕ್ಕ ಅಂದರೆ ಕೀಳಾ? ಆ ಪ್ರೋಗ್ರಾಂ ಈಗ ಮೂರು ಚೀಟಿ ನಡೆಸುತ್ತಿದೆ, ಒಂದು ರೂಪಾಯಿ ತಪ್ಪಿಲ್ಲ. ನಿಮ್ಮದು ಎಲ್ಲಿ ನಡೀತಿದೆ ಹೇಳಿ.

ಲ್ಯಾಬ್ ಮೇಷ್ಟ್ರು:
ಇಬ್ಬರೂ ಸ್ವಲ್ಪ ನಿಧಾನ. 14 ವರ್ಷದಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಟೈಪ್ ಮಾಡೋರು ಡ್ರೈವರ್, ಪಕ್ಕದವರು ನ್ಯಾವಿಗೇಟರ್. ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಕೆಂಟ್ ಬೆಕ್ 1990ರ ದಶಕದಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನೋ ಪದ್ಧತಿ ರೂಪಿಸಿದಾಗ ಹೀಗೆ ಜೋಡಿಯಾಗಿ ಬರೆಯೋದು ಅದರ ಮುಖ್ಯ ಅಭ್ಯಾಸಗಳಲ್ಲಿ ಒಂದಾಗಿತ್ತು. ನನ್ನ ಲ್ಯಾಬಿನಲ್ಲಿ ಕೀಬೋರ್ಡ್ ಮೊದಲು ನಿಧಾನದವರ ಕೈಗೆ. ಚುರುಕಿನವರು "ಇಲ್ಲಿ ಕೋಲನ್ ಹಾಕು" ಅನ್ನೋ ಹಾಗಿಲ್ಲ, "ಈಗ ಏನು ಆಗಬೇಕು?" ಅಂತ ಕೇಳಬೇಕು. ಮೊದಲೆರಡು ವಾರ ಚುರುಕಿನ ಹುಡುಗರು ನನ್ನನ್ನು ಬೈಕೊಳ್ತಾರೆ. ಬೈಕೊಳ್ಳಲಿ.

ಹೆಬ್ಬಾಳದವರೇ, ನಿಮ್ಮ ಮೆಷಿನ್ನಲ್ಲಿ ಆ ಕಮಿಟ್ ಇದ್ದೇ ಇರಬೇಕಲ್ಲ? ಗಿಟ್‌ನ ರೆಫ್‌ಲಾಗ್ (ಹಿಂದಿನ ಕಮಿಟ್‌ಗಳನ್ನು ಹುಡುಕೋ ದಾಖಲೆ) ನೋಡಿದಿರಾ?

ಹೆಬ್ಬಾಳ ಒಬ್ಬನೇ:
ಗಾಬರಿಯಲ್ಲಿ ಫೋಲ್ಡರ್ ಡಿಲೀಟ್ ಮಾಡಿ ಸರ್ವರ್‌ನಿಂದ ಹೊಸದಾಗಿ ಕ್ಲೋನ್ (ನಕಲು) ಮಾಡಿದ್ದೆ. ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

ವಿಜಯನಗರದವನು:
ಹಾಗಾದರೆ ಅರ್ಧ ತಪ್ಪು ನಿಮ್ಮದೂ ಹೌದಲ್ವಾ? ಫೋರ್ಸ್ ಪುಶ್ ಸರ್ವರ್‌ದನ್ನ ಮಾತ್ರ ಬದಲಿಸುತ್ತೆ. ನಿಮ್ಮ ಮೆಷಿನ್ನಿನದನ್ನ ಅಳಿಸಿದ್ದು ನೀವೇ.

ಹೆಬ್ಬಾಳ ಒಬ್ಬನೇ:
31ರಲ್ಲಿ 27 ಬೇರೆಯವರ ಕೈಲಿ ಬರೆಸಿಕೊಂಡವರು ನನಗೆ ಗಿಟ್ ಪಾಠ ಹೇಳ್ತಿದ್ದೀರಾ?

ವಿಜಯನಗರದವನು:
ಬರೆಸಿಕೊಳ್ಳಲಿಲ್ಲ. ಅವನು ಕೀಬೋರ್ಡ್ ಬಿಡಲಿಲ್ಲ, ನಾನು ಕೇಳಲಿಲ್ಲ. ಮತ್ತೆ ಅಷ್ಟನ್ನೂ ಕೂತು ಬರೆದೆ, ಅದನ್ನೂ ಓದಿ.

ರಾಜಾಜಿನಗರ ಅಕೌಂಟ್ಸ್:
ದಯವಿಟ್ಟು ಜಗಳ ಬೇಡ. ಇವತ್ತು ಸಂಜೆ ಅವರಿಗೆ ಹೇಳಿದೆ, 15 ನಿಮಿಷ ನಾನು ಟೈಪ್ ಮಾಡ್ತೀನಿ ಅಂತ. ತಕ್ಷಣ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಮೂರೇ ಸಾಲು ಬರೆದೆ. ಎರಡು ಸಲ ಅವರ ಕೈ ಮುಂದೆ ಬಂದು ವಾಪಸ್ ಹೋಯ್ತು. ಜಯನಗರದ ಅಕ್ಕಾ, ಆಫೀಸಿನಲ್ಲಿ ಅವರೆಕಾಯಿ ಆಗಲ್ಲ. ಅವರ ಕೈಗೆ ಏನು ಕೊಡಲಿ?

ಜಯನಗರದ ಸೊಸೆ:
ಪೆನ್ನು, ಪುಸ್ತಕ ಕೊಡಮ್ಮ. ನೀನು ಬರೆದ ಸಾಲು ಏನು ಮಾಡುತ್ತೆ ಅಂತ ಅವರು ಕನ್ನಡದಲ್ಲಿ ಬರೆಯುತ್ತಾ ಹೋಗಲಿ. ತಪ್ಪಿದ್ದರೆ ಅಲ್ಲೇ ಸಿಗುತ್ತೆ.

ಹೆಬ್ಬಾಳ ಒಬ್ಬನೇ:
ಮೊದಲು ಗಿಟ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಬ್ರಾಂಚ್ (ಕೋಡಿನ ಕವಲು) ಮಾಡಿಕೊಳ್ಳಿ. ಮೇನ್ ಬ್ರಾಂಚಿಗೆ ಫೋರ್ಸ್ ಪುಶ್ ಆಗದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಪ್ರೊಟೆಕ್ಟ್ ಮಾಡಿ. ಇವತ್ತೇ ಮಾಡಿ.