ಹಿತ್ತಲ ಪರ್ಗೋಲಾಗೆ ಎಚ್‌ಒಎ ಒಪ್ಪಿಗೆ ಸಿಗುತ್ತಿಲ್ಲ, ಎರಡು ಸಲ ವಾಪಸ್ ಬಂದಿದೆ

ನೆರಳುಬೇಕು:
ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಹೋದ ವರ್ಷ ಮನೆ ತಗೊಂಡೆವು. ಹಿತ್ತಲು ಪಶ್ಚಿಮಕ್ಕಿದೆ, ಮಧ್ಯಾಹ್ನ ಮೂರರ ಮೇಲೆ ಕಾಲಿಡಲು ಆಗುವುದಿಲ್ಲ. ಒಂದು ಪರ್ಗೋಲಾ (ಕಂಬಗಳ ಮೇಲೆ ಪಟ್ಟಿ ಹಾಕಿದ ನೆರಳಿನ ಚಪ್ಪರ) ಹಾಕಿಸೋಣ ಎಂದು ಎಚ್‌ಒಎಗೆ, ಅಂದರೆ ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ, ಅರ್ಜಿ ಕೊಟ್ಟೆ. ಮೊದಲ ಸಲ ‘ಅಪೂರ್ಣ’ ಅಂತ ವಾಪಸ್ ಬಂತು. ಫೋಟೋ ಸೇರಿಸಿ ಮತ್ತೆ ಕಳಿಸಿದೆ. ಈಗ ಒಂದೇ ಸಾಲಿನ ಪತ್ರ: ‘ಇಲ್ಲಿನ ಮನೆಗಳಿಗೆ ಹೊಂದುವುದಿಲ್ಲ, ಒಪ್ಪಿಗೆ ಇಲ್ಲ.’ ಪಕ್ಕದ ಬೀದಿಯಲ್ಲೇ ಮೂರು ಮನೆಗೆ ಪರ್ಗೋಲಾ ಇದೆ! ಕಂಟ್ರಾಕ್ಟರ್‌ಗೆ ಅಡ್ವಾನ್ಸ್ ಬೇರೆ ಕೊಟ್ಟಾಗಿದೆ. ನಾನು ಎಡವಿದ್ದು ಎಲ್ಲಿ?

ಹಳೇಗರಗಸ:
ಅರ್ಜಿ ಜೊತೆ ಏನೇನು ಕೊಟ್ಟಿರಿ? ಒಂದೂ ಬಿಡದೆ ಹೇಳಿ.

ನೆರಳುಬೇಕು:
ಅವರ ಫಾರ್ಮ್, ಕ್ಯಾಟಲಾಗ್‌ನ ಒಂದು ಚಿತ್ರ, ಹಿತ್ತಲಿನ ಎರಡು ಫೋಟೋ. ಅಳತೆ 12 ಅಡಿಗೆ 14 ಅಡಿ. ಬಣ್ಣ ಎಂಬಲ್ಲಿ ‘ಕಂದು’ ಎಂದು ಬರೆದೆ.

ಹಳೇಗರಗಸ:
ಅಲ್ಲೇ ಇದೆ ನೋಡಿ. ನಾನು ನಮ್ಮ ಕಡೆಯ ಎಚ್‌ಒಎಯಲ್ಲಿ ಇಂಥ ಅರ್ಜಿ ನೋಡುವ ಆರ್ಕಿಟೆಕ್ಚರಲ್ ಕಮಿಟಿಯಲ್ಲಿ ಎರಡು ವರ್ಷ ಕೂತಿದ್ದೆ. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ. ತಿಂಗಳಿಗೊಂದು ಮೀಟಿಂಗ್, ಮುಂದೆ ಒಂದು ಕಟ್ಟು ಅರ್ಜಿ. ಕಂದು ಎಂದರೆ ಯಾವ ಕಂದು? ಕಂಬ ಬೇಲಿಯಿಂದ ಎಷ್ಟು ದೂರ? ಎತ್ತರ ಎಷ್ಟು? ಮನೆ ಗೋಡೆಗೆ ಸೇರಿಸುತ್ತೀರಾ, ಬಿಡಿಯಾಗಿ ನಿಲ್ಲಿಸುತ್ತೀರಾ? ಇದಕ್ಕೆಲ್ಲ ಕಾಗದದಲ್ಲಿ ಉತ್ತರ ಇಲ್ಲದಿದ್ದರೆ ‘ಬೇಡ’ ಅನ್ನುವುದೇ ಅವರಿಗೆ ಸಲೀಸು. ಅವರು ನೋಡುವುದು ಕಾಗದವನ್ನು. ನಿಮ್ಮ ಹಿತ್ತಲಿನ ಬಿಸಿಲು ಅವರಿಗೆ ಕಾಣಿಸುವುದಿಲ್ಲ.

ಹಾಗಂತ ಆ ಒಂದು ಸಾಲಿನ ಪತ್ರ ಸರಿ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಚ್‌ಒಎಗಳಿಗೆ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ಇದೆ. ಅದರಲ್ಲಿ ಸಿವಿಲ್ ಕೋಡ್‌ನ 4765ನೇ ಸೆಕ್ಷನ್ ಓದಿ, ಚಿಕ್ಕದೇ. ಒಪ್ಪಿಗೆ ಇಲ್ಲ ಎಂದರೆ ಏಕೆ ಎಂಬುದನ್ನು ಬರವಣಿಗೆಯಲ್ಲಿ ವಿವರಿಸಬೇಕು. ಬೋರ್ಡ್ (ಎಚ್‌ಒಎ ನಡೆಸುವ ಆಡಳಿತ ಮಂಡಳಿ) ಮುಂದೆ ಮರುಪರಿಶೀಲನೆ ಕೇಳುವುದು ಹೇಗೆ ಎಂದೂ ಅದೇ ಪತ್ರದಲ್ಲಿ ಇರಬೇಕು. ಆ ಮರುಪರಿಶೀಲನೆ ನಡೆಯಬೇಕಾದದ್ದು ಬೋರ್ಡಿನ ಓಪನ್ ಮೀಟಿಂಗ್‌ನಲ್ಲಿ, ಬಾಗಿಲು ಹಾಕಿಕೊಂಡಲ್ಲ. ಆದರೆ ಮೊದಲೇ ಓಪನ್ ಮೀಟಿಂಗ್‌ನಲ್ಲಿ ‘ಬೇಡ’ ಎಂದದ್ದು ಬೋರ್ಡೇ ಆಗಿದ್ದರೆ ಈ ದಾರಿ ಸಿಗುವುದಿಲ್ಲ. ನಿಮ್ಮಲ್ಲಿ ಕಮಿಟಿ ಬೇರೆ, ಬೋರ್ಡ್ ಬೇರೆ ತಾನೆ? ನೋಡಿಕೊಳ್ಳಿ.

ಈಗ ಕೆಲಸ ಹೀಗೆ. ನಿಮ್ಮ ಸಿಸಿ ಅಂಡ್ ಆರ್, ಅಂದರೆ ಎಚ್‌ಒಎಯ ಮೂಲ ನಿಯಮಗಳ ದಾಖಲೆ, ತೆಗೆಯಿರಿ. ಅದಕ್ಕಿಂತ ಮುಖ್ಯ, ಡಿಸೈನ್ ಗೈಡ್‌ಲೈನ್ಸ್ ಎಂಬ ಬೇರೆ ಪುಸ್ತಕ ಬಹಳ ಕಡೆ ಇರುತ್ತದೆ. ಎತ್ತರ, ಬಣ್ಣ, ಬೇಲಿಯಿಂದ ದೂರ ಇವೆಲ್ಲ ಸಾಮಾನ್ಯವಾಗಿ ಅದರಲ್ಲೇ ಅಡಗಿರುತ್ತವೆ. ಮನೆ ಕೊಳ್ಳುವಾಗ ಕೊಟ್ಟ ಕಾಗದದ ರಾಶಿಯಲ್ಲಿ ಹುಡುಕಿ, ಇಲ್ಲವಾದರೆ ಮ್ಯಾನೇಜ್‌ಮೆಂಟ್ ಕಂಪನಿಗೆ ಇಮೇಲ್ ಮಾಡಿ ಕೇಳಿ. ಆಮೇಲೆ ಸೈಟಿನ ನಕ್ಷೆ ಮೇಲೆ ಪರ್ಗೋಲಾ ಬರೆಯಿರಿ. ಸ್ಕೇಲ್ ಹಿಡಿದು ಬರೆದರೆ ಸಾಕು, ಆರ್ಕಿಟೆಕ್ಟ್ ಬೇಕಿಲ್ಲ. ಪ್ರತಿ ಕಂಬದಿಂದ ಬೇಲಿಗೆ ಎಷ್ಟು ಅಡಿ ಎಂದು ಗುರುತು ಹಾಕಿ. ಬಣ್ಣಕ್ಕೆ ಕಂಪನಿ ಹೆಸರು, ನಂಬರ್, ಬಣ್ಣದ ಚೀಟಿ ಅಂಟಿಸಿ. ಆ ಮೂರು ಪರ್ಗೋಲಾಗಳ ಫೋಟೋ ಕೂಡ ಇಡಿ, ಜಗಳದ ಧಾಟಿಯಲ್ಲಿ ಬೇಡ. ಎಲ್ಲ ಇಮೇಲ್‌ನಲ್ಲೇ ಕಳಿಸಿ, ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ.

ಯಾರಿಗೂಕಾಣಲ್ಲ:
ಇಷ್ಟೆಲ್ಲ ಯಾಕೆ? ಹಿತ್ತಲು ತಾನೆ, ಸುಮ್ನೆ ಕಟ್ಟಿಬಿಡಿ. ಆಮೇಲೆ ನೋಡಿಕೊಂಡರಾಯ್ತು.

ಹಳೇಗರಗಸ:
ಪಕ್ಕದ ಮನೆಯ ಮಹಡಿ ಕಿಟಕಿಯಿಂದ ಎಲ್ಲ ಕಾಣುತ್ತದೆ ಸ್ವಾಮಿ. ನಾನು ಕಮಿಟಿಯಲ್ಲಿದ್ದಾಗ ಬಂದ ದೂರುಗಳಲ್ಲಿ ಅರ್ಧ ಆ ಕಿಟಕಿಗಳಿಂದಲೇ. ದಂಡ ಹಾಕುವ ಮೊದಲು ಮೀಟಿಂಗ್‌ಗೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಕೊಡಬೇಕು, ನಿಜ. ಆದರೆ ಕಟ್ಟಿದ್ದನ್ನು ಕಿತ್ತು ಹಾಕಿ ಅಂದರೆ ಏನು ಮಾಡುತ್ತೀರಿ? ಮನೆ ಮಾರುವಾಗಲೂ ಅದು ತಲೆ ಎತ್ತುತ್ತದೆ.

ಛಾವಣಿಮೇಲೆ:
ನಡುವೆ ಬಾಯಿ ಹಾಕುತ್ತೇನೆ. ನಮಗೆ ಸೋಲಾರ್ ಪ್ಯಾನೆಲ್ ಹಾಕಿಸಬೇಕು. ಅದಕ್ಕೂ ಇದೇ ರಗಳೆಯಾ?

ಹಳೇಗರಗಸ:
ಅರ್ಜಿ ಕೊಡಲೇಬೇಕು, ಆದರೆ ಅಲ್ಲಿ ನಿಮ್ಮ ಕೈ ಮೇಲು. ಕ್ಯಾಲಿಫೋರ್ನಿಯಾದಲ್ಲಿ 1978ರಿಂದಲೇ ಸೋಲಾರ್ ಹಕ್ಕಿನ ಕಾಯ್ದೆ ಇದೆ. ನಿಮ್ಮದೇ ಛಾವಣಿ ಆದರೆ ಎಚ್‌ಒಎ ಷರತ್ತು ಹಾಕಬಹುದು. ಆದರೆ ಆ ಷರತ್ತಿನಿಂದ ಖರ್ಚು 1,000 ಡಾಲರ್‌ಗಿಂತ ಜಾಸ್ತಿ ಏರಬಾರದು, ವಿದ್ಯುತ್ ಉತ್ಪಾದನೆ ಶೇ 10ಕ್ಕಿಂತ ಜಾಸ್ತಿ ಇಳಿಯಬಾರದು. ಪೂರ್ತಿ ಅರ್ಜಿ ಸಿಕ್ಕ 45 ದಿನದೊಳಗೆ ಬರವಣಿಗೆಯಲ್ಲಿ ‘ಇಲ್ಲ’ ಎನ್ನದಿದ್ದರೆ ಒಪ್ಪಿದಂತೆಯೇ ಲೆಕ್ಕ. ಹೆಚ್ಚಿನ ವಿವರ ಕೇಳಿದ್ದರೆ ಮಾತ್ರ ಲೆಕ್ಕ ಬೇರೆ. ಪರ್ಗೋಲಾಗೆ ಈ ರಿಯಾಯಿತಿ ಇಲ್ಲ, ಪಾಪ.

ನೆರಳುಬೇಕು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಗೈಡ್‌ಲೈನ್ಸ್ ಸಿಕ್ಕಿತು, 31ನೇ ಪುಟದಲ್ಲಿ ಅಸಲಿ ಕಾರಣವೂ ಸಿಕ್ಕಿತು. ಕಂಬಗಳು ಹಿಂದಿನ ಬೇಲಿಯಿಂದ 5 ಅಡಿ ಒಳಗಿರಬೇಕಂತೆ. ಕಂಟ್ರಾಕ್ಟರ್ 3 ಅಡಿಗೆ ಗುರುತು ಹಾಕಿದ್ದ, ನನ್ನ ಎರಡನೇ ಫೋಟೋದಲ್ಲಿ ಆ ಸುಣ್ಣದ ಗುರುತು ಸ್ಪಷ್ಟವಾಗಿ ಕಾಣುತ್ತದೆ! ಅವರು ಅದನ್ನು ನೋಡಿದ್ದಾರೆ, ಪತ್ರದಲ್ಲಿ ಬರೆದಿಲ್ಲ ಅಷ್ಟೇ. ಸಂಜೆ ವಾಕಿಂಗ್‌ಗೆ ಹೋದಾಗ ಪಕ್ಕದ ಬೀದಿಯ ಮೂರು ಪರ್ಗೋಲಾಗಳನ್ನೂ ಗಮನಿಸಿದೆ. ಮೂರರ ಕಂಬವೂ ಬೇಲಿಯಿಂದ ಚೆನ್ನಾಗಿ ದೂರ ಇವೆ. ಇಷ್ಟು ದಿನ ಕೋಪದಲ್ಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಅಗಲ 12ರಿಂದ 10 ಅಡಿಗೆ ಇಳಿಸಿ ಹೊಸ ನಕ್ಷೆ ಬರೆದೆ. ಮರುಪರಿಶೀಲನೆ ಬದಲು ಹೊಸ ಅರ್ಜಿಯನ್ನೇ ಕೊಟ್ಟೆ. ಅಕ್ಕಪಕ್ಕದವರ ಸಹಿಗೂ ಜಾಗ ಇತ್ತು. ಒಬ್ಬರು ಹಾಕಲಿಲ್ಲ, ಗಾಬರಿಯಾಯಿತು.

ಹಳೇಗರಗಸ:
ಫಾರ್ಮ್ ಸರಿಯಾಗಿ ಓದಿ. ಬಹಳ ಕಡೆ ಆ ಸಹಿಗೆ ‘ವಿಷಯ ಗೊತ್ತಾಗಿದೆ’ ಎಂಬಷ್ಟೇ ಅರ್ಥ, ‘ಒಪ್ಪಿದ್ದೇನೆ’ ಎಂದಲ್ಲ. ಇಂಥ ದಿನ ತಿಳಿಸಿದ್ದೆ ಎಂದು ನೀವೇ ಬರೆದು ಕಳಿಸಿ.

ನೆರಳುಬೇಕು:
ಹೌದು, ಹಾಗೇ ಇತ್ತು. ನಿನ್ನೆ ಒಪ್ಪಿಗೆ ಪತ್ರ ಬಂತು! ಇನ್ನು ಕಂಬ ನೆಡಬಹುದು ಅಲ್ವಾ?

ಹಳೇಗರಗಸ:
ತಡೆಯಿರಿ. ಎಚ್‌ಒಎ ಒಪ್ಪಿಗೆ ಬೇರೆ, ಸಿಟಿ ಪರ್ಮಿಟ್ ಬೇರೆ. ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತಲ್ಲ. ನಿಮ್ಮ ಅಳತೆಗೆ ಪರ್ಮಿಟ್ ಬೇಕಾ ಎಂದು ಸಿಟಿಯ ಕಟ್ಟಡ ವಿಭಾಗದಲ್ಲಿ ಕೇಳಿ. ಗುಂಡಿ ತೋಡುವ ಮೊದಲು 811ಕ್ಕೆ ಫೋನ್ ಮಾಡಿಸಿ. ಕನಿಷ್ಠ ಎರಡು ಕೆಲಸದ ದಿನ ಮುಂಚೆ ಹೇಳಬೇಕು, ದುಡ್ಡು ಕೊಡಬೇಕಿಲ್ಲ. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಎಂದು ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ.

ನೆರಳುಬೇಕು:
ಕಂಟ್ರಾಕ್ಟರ್ ನಾಳೆಯೇ ಬರುತ್ತೇನೆ ಅಂದಿದ್ದ. ಈಗಲೇ ಫೋನ್ ಮಾಡಿ ನಿಲ್ಲಿಸುತ್ತೇನೆ.