ಎ.ಸಿ. ಹಾಕಿದರೆ ಕರೆಂಟ್ ಉಳಿಯುತ್ತೆ!

ನಮ್ಮ ಕ್ಯಾಂಪಸ್ ಕಟ್ಟಡದ ಬಾಗಿಲಲ್ಲೇ ಒಂದು ದೊಡ್ಡ ಟಿವಿ ತೂಗುಹಾಕಿದ್ದಾರೆ. ಎಡಕ್ಕೆ ತಾರಸಿಯ ಸೋಲಾರ್ ಎಷ್ಟು ಕೊಡ್ತಿದೆ, ಬಲಕ್ಕೆ ಕಟ್ಟಡ ಎಷ್ಟು ತಿಂತಿದೆ, ಕೆಳಗೆ ‘ನಾವು ಉಳಿಸಿದ ಮರಗಳು’. ಆ ಮರಗಳನ್ನ ಕಂಡವರಿಲ್ಲ. ಯೂನಿಟ್ಟನ್ನ ಯಾವುದೋ ಅಂಕಿಯಿಂದ ಗುಣಿಸಿದಾಗ ಹುಟ್ಟೋ ಮರಗಳವು. ಟಿವಿ ಮಾತ್ರ ಹಗಲೂ ರಾತ್ರಿ ಉರೀತಿರುತ್ತೆ. ನೂರು ವ್ಯಾಟಿನದು ಅಂತ ಹಿಡಿದರೂ ದಿನಕ್ಕೆ 2.4 ಯೂನಿಟ್ಟು. ಉಳಿತಾಯ ತೋರಿಸೋಕೂ ಖರ್ಚಿದೆ ನೋಡಿ.

ಮೊನ್ನೆ ಮಧ್ಯಾಹ್ನ ಅದರ ಕೆಳಗೆ ನಾನು, ಲೈಬ್ರರಿಯ ಗುಂಡಣ್ಣ, ಭೌತಶಾಸ್ತ್ರದ ಮೇಷ್ಟ್ರು ನಿಂತಿದ್ವಿ.

“ಮೋಸ ಕಣ್ರೀ,” ಅಂದ ಗುಂಡಣ್ಣ. “20 ಕಿಲೋವ್ಯಾಟ್ ಸೋಲಾರ್ ಅಂತ ಬೋರ್ಡ್ ಹಾಕಿದ್ದಾರೆ. ನೆತ್ತಿ ಸುಡೋ ಬಿಸಿಲು, 16ರ ಮೇಲೆ ಹತ್ತೊಲ್ಲದು. ಇನ್ನೂ ಎಷ್ಟು ಬಿಸಿಲು ಬೇಕಂತೆ ಅದಕ್ಕೆ?”

“ಬಿಸಿಲು ಬೇಕು, ಬಿಸಿ ಬೇಡ,” ಅಂದರು ಮೇಷ್ಟ್ರು. “ಆ 20 ಅನ್ನೋದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಪ್ಯಾನೆಲ್ಲು 25 ಡಿಗ್ರೀಲಿ ತಣ್ಣಗಿದ್ದಾಗಿನ ಲೆಕ್ಕ. ತಾರಸಿ ಮೇಲೆ ಅದು 60 ಡಿಗ್ರಿಗೆ ಕಾಯುತ್ತೆ. ಒಂದೊಂದು ಡಿಗ್ರಿಗೂ ಹೆಚ್ಚುಕಡಿಮೆ 0.4 ಪರ್ಸೆಂಟ್ ಕಳ್ಕೊಳ್ಳುತ್ತೆ. 35 ಡಿಗ್ರಿಗೆ ನೀನೇ ಗುಣಿಸು.”

“14 ಪರ್ಸೆಂಟ್ ಶಾಖಕ್ಕೇ ಹೋಯ್ತು!”

“ಮಿಕ್ಕಿದ್ದು ಧೂಳಿಗೆ, ವೈರಿಗೆ, ಇನ್ವರ್ಟರಿಗೆ.”

“ಅಲ್ಲಾ ಮೇಷ್ಟ್ರೇ, ಸೆಕೆ ಆದ್ರೆ ಕೆಲಸ ಮಾಡಲ್ಲ ಅನ್ನೋದಾದ್ರೆ ಅದೂ ನನ್ನ ಹಾಗೇ ಆಯ್ತಲ್ಲ. ಅದಕ್ಕೇ ನಾನು ಲೈಬ್ರರೀಲಿ ಕೂತಿರೋವಷ್ಟು ಹೊತ್ತೂ ಎ.ಸಿ. ಆರಿಸೋದೇ ಇಲ್ಲ. ಅದರಿಂದ ಕರೆಂಟೂ ಉಳಿಯುತ್ತೆ.”

ನಾವಿಬ್ಬರೂ ಅವನ ಮುಖ ನೋಡಿದ್ವಿ.

“ನಂಬಿಕೆ ಇಲ್ವಾ? ಬಲಗಡೆ 8 ಅಂತಿದೆ ತಾನೇ? ನೋಡ್ತಾ ಇರಿ.” ಒಳಗೆ ಓಡಿಹೋಗಿ ಎ.ಸಿ. ಹಾಕಿ ಬಂದ. ಕಂಪ್ರೆಸರ್ ಗುರ್ ಅಂದಿದ್ದು ನಮಗೂ ಕೇಳಿಸ್ತು. ಪರದೆ ಮೇಲಿನ 8 ಕಣ್ಣೆದುರೇ 6.5 ಆಯ್ತು!

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಶಕ್ತಿಯ ಸಂರಕ್ಷಣಾ ನಿಯಮ ಪಾಠ ಮಾಡಿದವರು, ಪಾಪ.

“ಇನ್ನೊಂದು ಹೇಳ್ತೀನಿ,” ಅಂದ ಗುಂಡಣ್ಣ, ದನಿ ತಗ್ಗಿಸಿ. “ಒಂದಿನ ರಾತ್ರಿ ಎ.ಸಿ. ಆರಿಸೋದು ಮರೆತು ಹೋಗಿದ್ದೆ. ವಾಚ್‌ಮನ್ ಫೋನ್ ಮಾಡಿ, ‘ಸಾರ್, ಟಿವೀಲಿ ಸೋಲಾರ್ ಸೊನ್ನೆ, ಬಳಕೆ ಮೈನಸ್ ಒಂದು’ ಅಂದ. ಸೂರ್ಯನಿಲ್ಲದೆ ಕಟ್ಟಡವೇ ಕರೆಂಟ್ ಕೊಡ್ತಿತ್ತು ಕಣ್ರೀ!”

ಅಷ್ಟೊತ್ತಿಗೆ ಲ್ಯಾಬಿನ ಶಾಂತಕ್ಕ ಬಂದರು, ಕೈಯಲ್ಲಿ ಟೆಸ್ಟರ್. ಕಥೆ ಪೂರ್ತಿ ಕೇಳಲೂ ಇಲ್ಲ. ಮೆಟ್ಟಿಲ ಕೆಳಗಿನ ಪ್ಯಾನೆಲ್ ಬೋರ್ಡ್ ತೆಗೆದು ಟಾರ್ಚ್ ಬಿಟ್ಟರು.

“ನೋಡಿ, ಮೂರು ಫೇಸಿಗೆ ಮೂರು ಬಳೆ.” ದಪ್ಪ ವೈರುಗಳಿಗೆ ತೊಡಿಸಿದ್ದ ಕಪ್ಪು ಸಿ.ಟಿ.ಗಳನ್ನ, ಅಂದ್ರೆ ವೈರಲ್ಲಿ ಹರಿಯೋ ಕರೆಂಟ್ ಅಳೆಯೋ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳನ್ನ, ತೋರಿಸಿದರು. “ಬಳೆ ಮೇಲೆ ಬಾಣ ಇದೆ. ಎರಡರದ್ದು ಕಟ್ಟಡದ ಕಡೆ, ನಡುವಿನದು ಉಲ್ಟಾ. ಆ ಫೇಸಲ್ಲಿ ಎಷ್ಟು ಉರಿದರೂ ಟಿವಿಗೆ ಲೆಕ್ಕ ಕೊಡೋ ಮೀಟರು ಕಳೀತಾ ಹೋಗುತ್ತೆ. ನಿನ್ನ ಎ.ಸಿ. ಇರೋದು ಅದೇ ಫೇಸಲ್ಲಿ, ಗುಂಡಣ್ಣ.”

ಮೇಷ್ಟ್ರಿಗೆ ಜೀವ ಬಂತು. “ಹಾಗಾದ್ರೆ ಫೇಸಿಗೆ ಎಂಟೆಂಟು ಅಂದ್ರೆ, ಎಂಟು ಕೂಡಿಸು ಎಂಟು ಕಳೆ ಎಂಟು. ಇರೋದು 24, ತೋರ್ಸೋದು 8!”

“ಮೂರರಲ್ಲಿ ಒಂದು ಪಾಲು,” ಅಂದೆ ನಾನು. ಅಂದಿದ್ದೇ ತಡ, ಮೂವರಿಗೂ ಒಟ್ಟಿಗೇ ನೆನಪಾಯ್ತು: ಈ ಟಿವಿ ಬಂದ ಮೇಲೆ ಬಳಕೆ ಮೂರನೇ ಒಂದಕ್ಕೆ ಇಳಿದಿದೆ ಅಂತ ವಾರ್ಷಿಕ ವರದಿಯಲ್ಲಿ ಬಣ್ಣದ ಪುಟವೇ ಅಚ್ಚಾಗಿದೆ. ಸನ್ಮಾನ ಆಗಿದೆ. ಶಾಲು ಕೂಡ ಹೊದಿಸಿ ಆಗಿದೆ.

“ಬಿಲ್ಲು ಇಳಿದಿರಲಿಲ್ಲವಲ್ಲ, ಯಾರೂ ನೋಡ್ಲಿಲ್ವಾ?” ಅಂದರು ಶಾಂತಕ್ಕ.

“ಬಿಲ್ಲು ಒಳಗೆ ಫೈಲಲ್ಲಿರುತ್ತೆ ಅಕ್ಕಾ, ಟಿವಿ ಬಾಗಿಲಲ್ಲಿರುತ್ತೆ.”

ಅವರು ಸಪ್ಲೈ ಆಫ್ ಮಾಡಿಸಿ, ಬಳೆ ಬಿಚ್ಚಿ ತಿರುಗಿಸಿ ತೊಡಿಸಿದರು. ಕರೆಂಟ್ ಬಂದು ಎಲ್ಲಾ ಮತ್ತೆ ಶುರುವಾದ ಮೇಲೆ ಪರದೆ ಕಣ್ಣುಬಿಟ್ಟಿತು: 25.5. ಗುಂಡಣ್ಣ ಸದ್ದಿಲ್ಲದೆ ಲೈಬ್ರರಿ ಕಡೆ ನಡೆದ. ಸ್ವಲ್ಪ ಹೊತ್ತಿಗೆ 24.

ಕರೆಂಟ್ ಹೋಗಿದ್ದಕ್ಕೆ ಆಫೀಸಿನಿಂದ ಸೂಪರಿಂಟೆಂಡೆಂಟ್ ಸಾಹೇಬರು ಇಳಿದು ಬಂದರು. ಟಿವಿ ನೋಡಿ ಗಾಬರಿ. ಶಾಂತಕ್ಕ ಬಾಣ, ಬಳೆ, ಕೂಡಿಸು, ಕಳೆ, ಎಲ್ಲ ಬಿಡಿಸಿ ಹೇಳಿದರು. ಸಾಹೇಬರು ತುಂಬಾ ಹೊತ್ತು ಬೋರ್ಡನ್ನೇ ನೋಡ್ತಾ ನಿಂತರು.

“ಅಲ್ಲಮ್ಮಾ, ಒಂದೇ ಒಂದು ಉಲ್ಟಾ ಇದ್ದಿದ್ದಕ್ಕೇ ಅಷ್ಟು ಉಳಿತಾಯ ಆಗಿತ್ತು. ಮೂರನ್ನೂ ತಿರುಗಿಸಿಬಿಟ್ರೆ?”