ಕ್ಯೂ ಇರುವ ಐದಕ್ಷರದ ಇಂಗ್ಲಿಷ್ ಪದಗಳು ಅರ್ಥ ಸಮೇತ ಬೇಕು, ಬಲ್ಲವರು ಹೇಳಿ

ಕೇಳಿದವರು:
ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ) ಸ್ಪರ್ಧೆ ಇದೆ, ಮನೆಯಲ್ಲಿ ದಿನಾ ಐದಕ್ಷರದ ಗುಟ್ಟಿನ ಪದ ಊಹಿಸುವ ವರ್ಡಲ್ ಬೇರೆ. ಕ್ಯೂ ಅಕ್ಷರ ಕೈಗೆ ಬಂದರೆ ಆಟ ಮುಗಿಯುವ ತನಕ ಹಾಗೇ ಕೂತಿರುತ್ತದೆ. ಪಟ್ಟಿ ಕೊಟ್ಟರೆ ಮರುದಿನಕ್ಕೆ ಮರೆತಿರುತ್ತಾಳೆ. ಹೇಗೆ ಕಲಿಸಲಿ?

ಇಂಗ್ಲಿಷ್ ಟೀಚರ್:
ಅಕಾರಾದಿ ಪಟ್ಟಿ ಬೇಡ ಮೇಡಂ. ಕ್ಯೂ ಎಷ್ಟನೇ ಮನೆಯಲ್ಲಿದೆ ಎಂದು ನೋಡಿ ಗುಂಪು ಮಾಡಿಸಿ. ಮೊದಲ ಮನೆಯವೇ ಹೆಚ್ಚು, ಬಹುತೇಕ ಕ್ಯೂ-ಯು ಜೋಡಿಯಿಂದ ಶುರುವಾಗುವಂಥವು. ಆ ಜೋಡಿ ಬಿಟ್ಟು ಉಳಿದ ಮೂರಕ್ಷರವನ್ನಷ್ಟೇ ಬರೆಯುತ್ತೇನೆ.

ಇ-ಆರ್-ಎನ್ ಸೇರಿದರೆ ಕ್ವರ್ನ್, ನಮ್ಮ ಬೀಸೋ ಕಲ್ಲು. ಒರಳಲ್ಲ, ಅದು ಬೇರೆ. ಐ-ಎಲ್-ಟಿ ಕ್ವಿಲ್ಟ್, ಅಂದರೆ ಕೌದಿ. ಐ-ಎಲ್-ಎಲ್ ಕ್ವಿಲ್: ಗರಿಯ ಲೇಖನಿ, ಮುಳ್ಳುಹಂದಿಯ ಮುಳ್ಳಿಗೂ ಇದೇ ಹೆಸರು. ಎ-ಎಲ್-ಎಂ ಕ್ವಾಮ್: ಮನಸ್ಸಿನೊಳಗಿನ ಅಳುಕು, ಇಲ್ಲಿ ಎಲ್ ಉಚ್ಚಾರವಾಗುವುದಿಲ್ಲ, ಹಾಗಾಗಿ ಬರೆಯುವಾಗ ಬಿಟ್ಟೇಬಿಡುತ್ತಾರೆ. ಇ-ಎಲ್-ಎಲ್ ಕ್ವೆಲ್: ದಂಗೆಯನ್ನೋ ಭಯವನ್ನೋ ಅಡಗಿಸು. ಎ-ಎಸ್-ಎಚ್ ಕ್ವಾಶ್: ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದು ಮಾಡಿತು ಎನ್ನುವಾಗ ಬರುವ ಪದ. ಎ-ಎಫ್-ಎಫ್ ಕ್ವಾಫ್: ಗಟಗಟ ಕುಡಿ. ಒ-ಐ-ಎನ್ ಕಾಯ್ನ್: ಗೋಡೆಯ ಮೂಲೆಗಲ್ಲು, ನಾಣ್ಯದ ಹಾಗೇ ಉಚ್ಚಾರ. ಒ-ಟಿ-ಎಚ್ ಕ್ವೋತ್: ‘ಎಂದನು’ ಎಂಬುದರ ಹಳೆಯ ರೂಪ, ಭೂತಕಾಲದಲ್ಲಿ ಮಾತ್ರ, ಹಳಗನ್ನಡದ ‘ಎಂದಂ’ ಇದ್ದಂತೆ ಅಂದರೆ ಮಕ್ಕಳು ಮರೆಯುವುದಿಲ್ಲ.

ಐ-ಇ-ಟಿ ಮತ್ತು ಐ-ಟಿ-ಇ ಎರಡನ್ನೂ ಒಂದೇ ದಿನ ಕಲಿಸಬೇಡಿ. ಮೊದಲನೆಯದು ಸದ್ದಿಲ್ಲದ್ದು, ಎರಡನೆಯದು ‘ಸಾಕಷ್ಟು’. ಒಟ್ಟಿಗೆ ಹೇಳಿಕೊಟ್ಟರೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಸ್ಕ್ರ್ಯಾಬಲ್ ಕ್ಲಬ್ಬಿನವರು:
ಮೇಲಿನದು ಸರಿ, ಆದರೆ ಕ್ಯೂ ಕೈಯಲ್ಲಿ ಕೂರುವುದು ಯು ಸಿಗದೇ ಇರುವುದರಿಂದ. 100 ಬಿಲ್ಲೆಯಲ್ಲಿ ಯು ಇರುವುದು 4, ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆ 2. ಆದ್ದರಿಂದ ಕ್ಯೂ ಆದ ಮೇಲೆ ಯು ಬೇಡದ ಪದಗಳನ್ನೇ ಮೊದಲು ಕಲಿಸಿ. ಸ್ಕ್ರ್ಯಾಬಲ್‌ಗೆ ಮಾನ್ಯವಾದ ಪದಗಳ ಕಾಲಿನ್ಸ್ ಪಟ್ಟಿಯಲ್ಲಿರುವ ಕೆಲವು:

ಎಫ್-ಎ-ಕ್ಯೂ-ಐ-ಆರ್: ಫಕೀರ, 17 ಅಂಕ.
ಎನ್-ಐ-ಕ್ಯೂ-ಎ-ಬಿ: ಕಣ್ಣು ಬಿಟ್ಟು ಮುಖ ಮುಚ್ಚುವ ನಿಕಾಬ್, 16.
ಬಿ-ಯು-ಆರ್-ಕ್ಯೂ-ಎ: ಬುರ್ಖಾ, 16. ಯು ಇದೆ, ಆದರೆ ಕ್ಯೂಗಿಂತ ಮುಂಚೆ.
ಕ್ಯೂ-ಒ-ಆರ್-ಎಂ-ಎ: ಕುರ್ಮಾ, 16.
ಕ್ಯೂ-ಐ-ಬಿ-ಎಲ್-ಎ: ನಮಾಜಿನಲ್ಲಿ ಮುಖ ಮಾಡುವ ಮೆಕ್ಕಾದ ದಿಕ್ಕು, 16.
ಟಿ-ಎ-ಎಲ್-ಎ-ಕ್ಯೂ: ತಲಾಖ್, 14.
ಟಿ-ಆರ್-ಎ-ಎನ್-ಕ್ಯೂ: ಶಮನಕ ಔಷಧಿಯ ಮೊಟಕು ಹೆಸರು, 14.
ಕ್ಯೂ-ಎ-ಎನ್-ಎ-ಟಿ: ನೆಲದಡಿಯ ಇಳಿಜಾರು ಸುರಂಗದಲ್ಲಿ ನೀರು ಹರಿಸುವ ಪರ್ಷಿಯನ್ ವ್ಯವಸ್ಥೆ, 14. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ಅದೇ.

ಅಂಕಗಳು ಹಲಗೆಯ ಮೇಲೆ ಅಂಕ ಹೆಚ್ಚಿಸುವ ಬಣ್ಣದ ಚೌಕದ ಲಾಭ ಸೇರಿಸದೆ ಹೇಳಿದ್ದು. ಐದಕ್ಷರಕ್ಕೆ ಜಾಗ ಸಿಗದಿದ್ದರೆ ಕ್ಯೂ-ಐ ಎರಡೇ ಸಾಕು: ಚೀನೀ ಚಿಂತನೆಯ ಪ್ರಾಣಶಕ್ತಿ, 11 ಅಂಕ. ಕ್ಯೂವನ್ನು ಮೂರು ಪಟ್ಟಿನ ಅಕ್ಷರದ ಚೌಕದಲ್ಲಿಟ್ಟು ಅಡ್ಡಕ್ಕೂ ಉದ್ದಕ್ಕೂ ಈ ಪದ ಮಾಡಿದರೆ 62 ಬರುತ್ತದೆ.

ಅನುವಾದಕಿ:
ಒಂದು ಎಚ್ಚರಿಕೆ. ಕ್ಲಬ್ಬಿನವರ ಪಟ್ಟಿಯ ಬಹುತೇಕ ಪದಗಳು ಅರಬ್ಬಿ ಮೂಲದವು. ಅಲ್ಲಿ ಗಂಟಲಾಳದಿಂದ ಬರುವ ‘ಖಾಫ್’ ಎಂಬ ಅಕ್ಷರವಿದೆ, ಇಂಗ್ಲಿಷಿನ ಕ್ಯೂ ಅದರ ಗುರುತು. ಕನ್ನಡದಲ್ಲಿ ಅದು ಕೆಲವು ಕಡೆ ಕ, ಕೆಲವು ಕಡೆ ಖ ಆಗಿ ಕೂತಿದೆ. ಹಾಗಾಗಿ ತಲಾಖ್‌ಗೆ ಕೊನೆಯಲ್ಲಿ ಕೆ-ಎಚ್ ಹಾಕಿಬಿಡುತ್ತಾರೆ. ಇದನ್ನು ಕೇಳಿದ ಮಕ್ಕಳು ಉತ್ಸಾಹದಲ್ಲಿ ಖಾದಿಗೂ ಕ್ಯೂ ಹಚ್ಚುವುದುಂಟು. ಖಾದಿ, ಖಾಕಿಗಳಿಗೆ ಕೆ-ಎಚ್ ಮಾತ್ರ. ಫಕೀರ, ಬುರ್ಖಾ, ಕುರ್ಮಾಗಳಿಗಾದರೆ ಕೆ ಹಾಕಿದರೂ ಸರಿ, ಕ್ಯೂ ಹಾಕಿದರೂ ಸರಿ.

ಕೇಳಿದವರು:
ಬಹಳ ಉಪಕಾರ. ಕತಾರ್, ಇರಾಕಿ ಎರಡೂ ಐದಕ್ಷರ, ಕ್ಯೂ ಕೂಡ ಇದೆ. ನಡೆಯುತ್ತದಾ? ವರ್ಡಲ್‌ಗೂ ಇವೇ ಪದಗಳು ಸಾಕಾ?

ಸ್ಕ್ರ್ಯಾಬಲ್ ಕ್ಲಬ್ಬಿನವರು:
ನಡೆಯುವುದಿಲ್ಲ. ದೇಶ, ಊರು, ಜನರ ಹೆಸರು ಹೀಗೆ ದೊಡ್ಡಕ್ಷರದಿಂದ ಬರೆಯುವ ಪದಕ್ಕೆ ಮಾನ್ಯತೆ ಇಲ್ಲ.

ವರ್ಡಲ್ ಲೆಕ್ಕ ಬೇರೆ. ಅಲ್ಲಿ ಉತ್ತರಗಳು ಬಳಕೆಯ ಪದಗಳು. ಕೊನೆಗೆ ಎಸ್ ಹಚ್ಚಿದ ಬಹುವಚನ ಹುಡುಕಿ ಸರದಿ ಕಳೆಯಬೇಡಿ. ಇರುವ ಆರು ಸರದಿಯಲ್ಲಿ ಮೊದಲೆರಡನ್ನು ಕ್ಯೂಗೆ ಕೊಡಬೇಡಿ. ಎರಡನೇ ಮನೆಯಲ್ಲಿ ಯು ಹಸಿರಾಗಿ (ಅಕ್ಷರವೂ ಜಾಗವೂ ಸರಿ ಎಂಬ ಗುರುತು), ಮೂರನೆಯದು ಸ್ವರ ಎಂದು ಗೊತ್ತಾದರೆ ಆಗ ಕ್ಯೂ ನೆನಪಿಗೆ ಬರಲಿ. ಮೂರನೇ ಮನೆಯಲ್ಲಿ ಯು ಇದ್ದರೆ ಎಸ್-ಕ್ಯೂ-ಯು, ಇ-ಕ್ಯೂ-ಯು ನೋಡಿ: ಸ್ಕ್ವಿಡ್, ಸ್ಕ್ವಾಡ್, ಈಕ್ವಲ್, ಇಕ್ವಿಪ್. ಕೊನೆಗೆ ಯು-ಇ ಬಂದರೆ ಪೀಕ್ ಇರಬಹುದು, ಪಿ-ಐ-ಕ್ಯೂ-ಯು-ಇ, ಮುನಿಸು ಅಥವಾ ಕೆರಳಿಸು ಎಂದರ್ಥ. ಆದರೆ ವ್ಯಾಲ್ಯೂ, ಆರ್ಗ್ಯೂ, ಇಶ್ಯೂ ಕೂಡ ಹಾಗೇ ಮುಗಿಯುತ್ತವೆ. ಮೊದಲು ಅವನ್ನು ತಳ್ಳಿಹಾಕಿ.

ಇಂಗ್ಲಿಷ್ ಟೀಚರ್:
ಮರೆವಿಗೆ ಮದ್ದು ರಟ್ಟಿನ ಚೀಟಿ. ಮುಂದುಗಡೆ ಪದ ಬರೆಯಬೇಡಿ, ಅದರ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಬರೆಯಿರಿ. ಎ-ಬಿ-ಐ-ಎನ್-ಕ್ಯೂ ನೋಡಿ ನಿಕಾಬ್ ಹೇಳಬೇಕು, ಎ-ಎ-ಎನ್-ಕ್ಯೂ-ಟಿ ನೋಡಿ ಕನಾತ್. ಆಟದಲ್ಲಿ ಬಿಲ್ಲೆಗಳು ಚೆದುರಿಯೇ ಬರುವುದರಿಂದ ಕಣ್ಣಿಗೆ ಆ ಅಭ್ಯಾಸ ಬೇಕು. ಹಿಂದುಗಡೆ ಪದ, ಒಂದು ಸಾಲು ಕನ್ನಡ ಅರ್ಥ. ದಿನಕ್ಕೆ ಆರು ಸಾಕು. ಮರುದಿನ, ಮೂರನೇ ದಿನ, ಏಳನೇ ದಿನ ಮತ್ತೆ ಕೇಳಿ. ತಪ್ಪಿದ ಚೀಟಿ ಮೊದಲ ದಿನದ ಕಟ್ಟಿಗೆ ವಾಪಸು.

ಸ್ಕ್ರ್ಯಾಬಲ್ ಕ್ಲಬ್ಬಿನವರು:
ಚೀಟಿಯ ಮೂಲೆಯಲ್ಲಿ ಮುಂದೆ ಹಿಂದೆ ಸೇರುವ ಅಕ್ಷರವನ್ನೂ ಗುರುತು ಹಾಕಿಸಿ. ಕ್ವಾಶ್ ಮುಂದೆ ಎಸ್ ಇಟ್ಟರೆ ಸ್ಕ್ವಾಶ್. ಕ್ವಿಲ್‌ಗೂ ಹಾಗೇ, ಸ್ಕ್ವಿಲ್: ಗೆಡ್ಡೆಯಿಂದ ಬೆಳೆಯುವ ಒಂದು ಸಸ್ಯ. ಎದುರಾಳಿ ಇಟ್ಟ ಪದಕ್ಕೇ ಒಂದಕ್ಷರ ಅಂಟಿಸಿ ಕ್ಯೂವಿನ 10 ಅಂಕ ಮತ್ತೆ ಎಣಿಸಿಕೊಳ್ಳಬಹುದು.

ಇಷ್ಟಾದರೂ ಜಾಗ ಸಿಗದಿದ್ದರೆ ಕ್ಯೂ ಕೊಟ್ಟು ಚೀಲದಿಂದ ಬೇರೆ ಬಿಲ್ಲೆ ಬದಲಾಯಿಸಿಕೊಳ್ಳಲಿ. ಪೆಟ್ಟಿಗೆಯ ನಿಯಮದಂತೆ ಚೀಲದಲ್ಲಿ ಕನಿಷ್ಠ 7 ಬಿಲ್ಲೆ ಇದ್ದಾಗ ಮಾತ್ರ ಅದಕ್ಕೆ ಅವಕಾಶ, ಆ ಸರದಿಯ ಅಂಕ ಸೊನ್ನೆ. ಸೊನ್ನೆಗೆ ಹೆದರಿ ಇಟ್ಟುಕೊಂಡು ಕೂತರೆ, ಎದುರಾಳಿ ಮೊದಲು ಕೈ ಖಾಲಿ ಮಾಡಿದಾಗ ಇವಳಿಂದ 10 ಕಳೆದು ಅವರಿಗೆ 10 ಕೂಡಿಸುತ್ತಾರೆ, ಅಲ್ಲಿಗೆ 20ರ ಅಂತರ.